ಪ್ರಿಂಟ್ ಹಾಕಿ ಅಂಟಿಸುವ, ನೀರಲ್ಲಿ ಕರಗುವ ಎಂಬ್ರಾಯ್ಡರಿ ಹಾಳೆ: ಕಾಟನ್‌ಗೆ ಸೈ, ಜರಿ ಬ್ಲೌಸಿಗೆ ಬೇಡ

ಹೆಚ್ಚುಕಡಿಮೆ ಎ4 ಅಳತೆಯ ಹಾಳೆ. ಮೇಲಿನ ಪದರ ತೆಳ್ಳಗೆ, ಬೆಳ್ಳಗೆ. ಮುಟ್ಟಿದರೆ ಕಾಗದಕ್ಕಿಂತ ಬಟ್ಟೆಯೇ ಅನ್ನಿಸುತ್ತದೆ. ಅದರ ಬೆನ್ನಿಗೆ ಅಂಟು, ಅಂಟನ್ನು ಮುಚ್ಚಲು ನುಣುಪಾದ ಹಿಂಬದಿ ಕಾಗದ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಡಿಸೈನ್ ಪ್ರಿಂಟ್ ಮಾಡಿ, ಹಿಂಬದಿ ಕಾಗದ ಸುಲಿದು ಬಟ್ಟೆಗೆ ಅಂಟಿಸಿ, ಗೆರೆಯ ಮೇಲೆ ಹೊಲಿಗೆ ಹಾಕಿ, ಆಮೇಲೆ ನೀರಿಗೆ ಬಿಟ್ಟರೆ ಹಾಳೆ ಕರಗಿ ಹೋಗುತ್ತದೆ, ಹೊಲಿಗೆ ಉಳಿಯುತ್ತದೆ. ಪಾಲಿವಿನೈಲ್ ಆಲ್ಕೋಹಾಲ್ ಅನ್ನುವ, ನೀರಲ್ಲಿ ಕರಗುವ ಪ್ಲಾಸ್ಟಿಕ್ಕಿನ ಎಳೆಗಳಿಂದ ಇದನ್ನು ಮಾಡಿರುತ್ತಾರೆ. ಹೊರದೇಶದ ಸಲ್ಕಿ ಕಂಪನಿಯ ‘ಸ್ಟಿಕ್ ಎನ್ ಸ್ಟಿಚ್’ ಈ ಜಾತಿಯಲ್ಲಿ ಹೆಸರುವಾಸಿ. ಹೆಸರಿಲ್ಲದ ಎ4 ಹಾಳೆಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಇಲ್ಲಿ ಹೇಳಿದ್ದು ಎರಡಕ್ಕೂ ಅನ್ವಯಿಸುತ್ತದೆ.

ತೀರ್ಮಾನ ಮೊದಲೇ ಹೇಳಿಬಿಡೋಣ. ಕಾಟನ್, ಲಿನನ್, ಖಾದಿ, ಟಿ-ಶರ್ಟ್ ಬಟ್ಟೆ, ಅದರಲ್ಲೂ ಕಪ್ಪು, ನೇವಿ ಬ್ಲೂ, ಮೆರೂನ್‌ನಂಥ ಗಾಢ ಬಣ್ಣಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿ ಇಲ್ಲ. ರೇಷ್ಮೆ ಬ್ಲೌಸು, ಜರಿ, ಕುಂದನ್, ಮಣಿ ಕೆಲಸಕ್ಕೆ ಇದು ಬೇಡವೇ ಬೇಡ. ಕೊಳ್ಳುವ ಮುಂಚೆ ಎಲ್ಲರೂ ಕೇಳುವುದು ‘ನಮ್ಮ ಪ್ರಿಂಟರ್‌ನಲ್ಲಿ ಬರುತ್ತಾ’ ಅಂತ. ಕೇಳಬೇಕಾದದ್ದು ‘ಈ ಬಟ್ಟೆ, ಈ ದಾರ ನೀರಿಗೆ ಬೀಳಬಹುದಾ’ ಅಂತ. ತುಮಕೂರಿನಲ್ಲಿ ಮನೆಯಲ್ಲೇ ಎಂಬ್ರಾಯ್ಡರಿ ಮಾಡುವವರಿಗೆ ಬರುವ ಆರ್ಡರ್‌ಗಳಲ್ಲಿ ಮದುವೆ ಬ್ಲೌಸುಗಳೇ ಹೆಚ್ಚು. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಒಂದೊಂದು ಹಾಳೆಗೂ ಖರ್ಚು ಬೀಳುತ್ತದೆ. ಬಿಳಿ ಕರ್ಚೀಫು, ತಿಳಿ ಬಣ್ಣದ ದಿಂಬಿನ ಕವರು ಇಂಥದ್ದಕ್ಕೆ ಇದನ್ನು ಸುರಿಯಬೇಡಿ. ಡಿಸೈನನ್ನು ಮಾಮೂಲಿ ಕಾಗದದಲ್ಲಿ ಪ್ರಿಂಟ್ ಮಾಡಿ, ಹಗಲು ಹೊತ್ತು ಕಿಟಕಿ ಗಾಜಿಗೆ ಟೇಪ್ ಹಾಕಿ, ಮೇಲೆ ಬಟ್ಟೆ ಹಿಡಿದು ಪೆನ್ಸಿಲಿನಲ್ಲಿ ಎಳೆದರೆ ಕೆಲಸ ಮುಗಿಯಿತು. ಬೆಳಕು ಹಾಯದ ಬಟ್ಟೆಗೆ, ಪೆನ್ಸಿಲು ನಿಲ್ಲದ ಹಿಗ್ಗುವ ಬಟ್ಟೆಗೆ, ಗೆರೆ ತುಂಬಾ ಸಣ್ಣದಾಗಿರುವ ಡಿಸೈನಿಗೆ ಮಾತ್ರ ಈ ಖರ್ಚು ಸಾರ್ಥಕ.

ಪ್ರಿಂಟರ್ ಇಂಕ್‌ಜೆಟ್ಟೇ ಆಗಿರಬೇಕು. ಈಗ ಮನೆಗಳಲ್ಲಿರುವ ಇಂಕ್ ಟ್ಯಾಂಕ್ ಪ್ರಿಂಟರ್‌ಗಳೂ ಇಂಕ್‌ಜೆಟ್ಟೇ. ಲೇಸರ್ ಪ್ರಿಂಟರ್‌ಗೆ, ಜೆರಾಕ್ಸ್ ಮೆಶೀನಿಗೆ ಈ ಹಾಳೆ ಹಾಕಿಸಬೇಡಿ. ಲೇಸರ್ ಪ್ರಿಂಟರ್ ಒಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಕೂರಿಸುವ ಫ್ಯೂಸರ್ ಅನ್ನುವ ಬಿಸಿ ರೋಲರ್ ಇರುತ್ತದೆ. ಆ ಶಾಖಕ್ಕೆ ಹಾಳೆ ಮುದುರಿ, ಅಂಟು ಕರಗಿ ರೋಲರ್‌ಗೆ ಮೆತ್ತಿಕೊಂಡರೆ ರಿಪೇರಿ ಖರ್ಚು ನಿಮ್ಮ ತಲೆಗೆ. ಡಿಟಿಪಿ ಅಂಗಡಿಗೆ ಹೋಗುವವರು ಅಲ್ಲಿರುವುದು ಯಾವ ಪ್ರಿಂಟರ್ ಅಂತ ಕೇಳಿಯೇ ಹಾಳೆ ಕೊಡಿ.

ಪ್ರಿಂಟ್ ಬೀಳಬೇಕಾದದ್ದು ಬಟ್ಟೆಯಂಥ ಪದರದ ಮೇಲೆ, ಹಿಂಬದಿ ಕಾಗದದ ಮೇಲಲ್ಲ. ಹಿಂದಿನಿಂದ ಕಾಗದ ನಿಲ್ಲಿಸುವ ಪ್ರಿಂಟರ್‌ನಲ್ಲಿ ಬಟ್ಟೆ ಪದರ ನಿಮ್ಮ ಕಡೆ ನೋಡಬೇಕು. ಮುಂದಿನ ಟ್ರೇಯಿಂದ ಕಾಗದ ಎಳೆದು ಒಳಗೇ ತಿರುಗಿಸಿಕೊಳ್ಳುವ ಪ್ರಿಂಟರ್‌ನಲ್ಲಿ ಅದು ಕೆಳಮುಖವಾಗಿರಬೇಕು. ಅನುಮಾನ ಇದ್ದರೆ ಮಾಮೂಲಿ ಕಾಗದದ ಒಂದು ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಒಂದು ಸಲ ಓಡಿಸಿ ನೋಡಿ. ಎರಡರಲ್ಲಿ ಹಿಂದಿನ ಫೀಡ್ ಒಳ್ಳೆಯದು, ದಾರಿ ನೇರ. ಮುಂದಿನ ಟ್ರೇಯಲ್ಲಿ ಹಾಳೆ ರೋಲರಿನ ಸುತ್ತ ಬಾಗುವಾಗ ಹಿಂಬದಿ ಕಾಗದದ ಮೂಲೆ ಬಿಟ್ಟುಕೊಂಡು ಸಿಕ್ಕಿಹಾಕಿಕೊಳ್ಳುವುದುಂಟು. ಯಾವ ಪ್ರಿಂಟರ್ ಆದರೂ ಒಂದು ಸಲಕ್ಕೆ ಒಂದೇ ಹಾಳೆ. ಸುರುಳಿ ಸುತ್ತಿಕೊಂಡಿರುವ ಹಾಳೆಯನ್ನು ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟು ಚಪ್ಪಟೆ ಮಾಡಿಯೇ ಹಾಕಬೇಕು.

ಸೆಟ್ಟಿಂಗಿನಲ್ಲಿ ಎಲ್ಲರೂ ಎಡವುವುದು ಅಳತೆಯಲ್ಲಿ. ‘ಫಿಟ್ ಟು ಪೇಜ್’ ಇದ್ದರೆ ಪ್ರಿಂಟರ್ ಡಿಸೈನನ್ನು ತನಗೆ ಬೇಕಾದಷ್ಟು ಕುಗ್ಗಿಸುತ್ತದೆ. ‘ಆಕ್ಚುಯಲ್ ಸೈಜ್’ ಅಥವಾ 100 ಪರ್ಸೆಂಟ್ ಇಡಿ. ಇನ್ನೊಂದು, ಎ4 ಅಂದರೆ 210 ಮತ್ತು 297 ಮಿ.ಮೀ.; ಸಲ್ಕಿ ಹಾಳೆ ಬರುವುದು ಎಂಟೂವರೆ ಇಂಚು ಅಗಲ, 11 ಇಂಚು ಉದ್ದದ ‘ಲೆಟರ್’ ಅಳತೆಯಲ್ಲಿ. ಅಗಲ ಸ್ವಲ್ಪ ಹೆಚ್ಚು, ಉದ್ದ ಸುಮಾರು 18 ಮಿ.ಮೀ. ಕಡಿಮೆ. ಎ4 ಅಂತ ಸೆಟ್ ಮಾಡಿ ಇದನ್ನು ಹಾಕಿದರೆ ಕೆಳಗಿನ ಸಾಲಿನ ಹೂವು ಅರ್ಧಕ್ಕೇ ತುಂಡಾಗುತ್ತದೆ. ಡಿಸೈನಿನ ಮೂಲೆಯಲ್ಲಿ 5 ಸೆಂ.ಮೀ. ಚೌಕ ಒಂದನ್ನು ಬರೆದಿಟ್ಟು, ಮೊದಲು ಸಾದಾ ಕಾಗದದಲ್ಲಿ ಪ್ರಿಂಟ್ ತೆಗೆದು ಸ್ಕೇಲಿನಲ್ಲಿ ಅಳೆಯಿರಿ. ಚೌಕ ಸರಿ ಬಂದರೆ ಡಿಸೈನೂ ಸರಿ.

ಬಣ್ಣ ಕಡುಕಪ್ಪು ಬೇಡ, ತಿಳಿ ಬೂದು ಸಾಕು. ಪೇಪರ್ ಟೈಪ್ ‘ಪ್ಲೇನ್’, ಕ್ವಾಲಿಟಿ ‘ಡ್ರಾಫ್ಟ್’. ‘ಗ್ರೇಸ್ಕೇಲ್’ ಒತ್ತುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪ್ರಿಂಟರ್ ಬೂದು ಬಣ್ಣವನ್ನು ನೀಲಿ, ಗುಲಾಬಿ, ಹಳದಿ ಇಂಕು ಬೆರೆಸಿ ಮಾಡಬಹುದು, ತೊಳೆಯುವಾಗ ಆ ಗುಲಾಬಿ ಬಿಳಿ ದಾರಕ್ಕೆ ಹತ್ತುತ್ತದೆ. ಇಂಕು ಜಾಸ್ತಿ ಬಿದ್ದಷ್ಟೂ ನೀರಿಗೆ ಇಳಿಯುವ ಇಂಕೂ ಜಾಸ್ತಿ ಅನ್ನುವುದು ಇಲ್ಲಿನ ಲೆಕ್ಕ. ಕಪ್ಪು ಇಂಕಿನಲ್ಲಿ ಡೈ, ಪಿಗ್ಮೆಂಟ್ ಅಂತ ಎರಡು ಬಗೆ. ಡೈ ನೀರಲ್ಲಿ ಕರಗಿ ಹರಡುತ್ತದೆ. ಪಿಗ್ಮೆಂಟ್ ಕರಗುವುದಿಲ್ಲ, ಆದರೆ ಅದರ ಕಣಗಳು ಬಿಳಿ ದಾರದ ಎಳೆಗಳ ನಡುವೆ ಸಿಕ್ಕಿ ದಾರ ಮಾಸಿದ ಹಾಗೆ ಕಾಣುತ್ತದೆ. ತಿಳಿ ಬೂದು ಪ್ರಿಂಟ್‌ನಲ್ಲಿ ಎರಡೂ ತೊಂದರೆ ಕಡಿಮೆ. ಗೆರೆ ಅರ್ಧ ಮಿ.ಮೀ. ದಪ್ಪಕ್ಕಿಂತ ಹೆಚ್ಚಿದ್ದರೆ ಎರಡೆಳೆ ದಾರದ ಬ್ಯಾಕ್ ಸ್ಟಿಚ್ ಅದನ್ನು ಮುಚ್ಚುವುದಿಲ್ಲ, ಗೆರೆಯ ಯಾವ ಅಂಚಿನಲ್ಲಿ ಹೋಗಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋದಿಂದ ಡಿಸೈನ್ ಮಾಡುವವರು ಇಂಕ್‌ಸ್ಕೇಪ್ ಅನ್ನುವ ಉಚಿತ ತಂತ್ರಾಂಶದ ‘ಟ್ರೇಸ್ ಬಿಟ್‌ಮ್ಯಾಪ್’ ಬಳಸಿ, ಅದರಲ್ಲಿ ‘ಸೆಂಟರ್‌ಲೈನ್’ ಆರಿಸಿ ಗೆರೆ ಮಾಡಿಕೊಂಡರೆ ದಪ್ಪವನ್ನು ಬೇಕಾದ ಹಾಗೆ ಇಳಿಸಬಹುದು.

ಹೆಸರು ಹಾಕುವವರಿಗೆ ಒಂದು ಮಾತು. ಕನ್ನಡ ಅಕ್ಷರದ ಒತ್ತಕ್ಷರ, ದೀರ್ಘ, ಸೊನ್ನೆ ಸಣ್ಣದಾದರೆ ಹೊಲಿಗೆಯಲ್ಲಿ ಮುದ್ದೆಯಾಗುತ್ತವೆ. ಎರಡೆಳೆ ದಾರಕ್ಕೆ ಮೂಲ ಅಕ್ಷರ 15 ಮಿ.ಮೀ. ಎತ್ತರವಾದರೂ ಇರಲಿ. ಫೈಲನ್ನು ನುಡಿ ಫಾಂಟಿನಲ್ಲಿ ಮಾಡಿದ್ದರೆ ಪಿಡಿಎಫ್ ಮಾಡಿಯೇ ಒಯ್ಯಿರಿ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರದ ಬದಲು ಏನೇನೋ ಗುರುತು ಬರುತ್ತವೆ. ಈ ಹಾಳೆಗೆ ಡಿಸೈನನ್ನು ತಿರುಗುಮುರುಗು ಮಾಡುವುದು ಬೇಕಿಲ್ಲ, ಕಂಡ ಹಾಗೆಯೇ ಅಂಟುತ್ತದೆ.

ಪ್ರಿಂಟ್ ಆದ ಮೇಲೆ ಕಡೇಪಕ್ಷ ಅರ್ಧ ಗಂಟೆ ಮುಟ್ಟದೆ ಒಣಗಿಸಿ, ಮಳೆಗಾಲದಲ್ಲಿ ರಾತ್ರಿಯೆಲ್ಲ ಬಿಡಿ. ಬಟ್ಟೆಯನ್ನು ಮೊದಲೇ ಒಮ್ಮೆ ಒಗೆದು ಇಸ್ತ್ರಿ ಮಾಡಿರಬೇಕು. ಹೊಸ ಬಟ್ಟೆಯ ಗಂಜಿಯ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಜೊತೆಗೆ ಕೊನೆಯಲ್ಲಿ ನೆನೆಸಿದಾಗ ಕಾಟನ್ ಕುಗ್ಗಿದರೆ ಹೊಲಿಗೆಯ ಸುತ್ತ ನೆರಿಗೆ ಬೀಳುತ್ತದೆ. ಡಿಸೈನಿನ ಸುತ್ತ 5 ಮಿ.ಮೀ. ಬಿಟ್ಟು ಕತ್ತರಿಸಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆಗೆ ದಾರ ಸಿಕ್ಕಿ ಏಳುತ್ತದೆ. ಒಂದು ಹಾಳೆಯಲ್ಲಿ ಸಣ್ಣ ಸಣ್ಣ ಹೂವುಗಳನ್ನು ಒತ್ತೊತ್ತಾಗಿ ಜೋಡಿಸಿ ಪ್ರಿಂಟ್ ಮಾಡಿದರೆ ಒಂದು ಕುರ್ತಾದ ಬುಟ್ಟಾ ಪೂರ್ತಿ ಅದರಲ್ಲೇ ಆಗುತ್ತದೆ. ಡಿಸೈನ್ ಎ4 ಮೀರಿದರೆ ಎರಡು ಹಾಳೆಯನ್ನು ಒಂದರ ಮೇಲೊಂದು ಏರಿಸಬೇಡಿ. ಎರಡಕ್ಕೂ ಒಂದೇ ಜಾಗದಲ್ಲಿ ಕೂಡು ಗುರುತು ಪ್ರಿಂಟ್ ಮಾಡಿ, ಗೆರೆಗೆ ಸರಿಯಾಗಿ ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ. ಏರಿಸಿದ ಕಡೆ ಎರಡು ಪದರ ಅಂಟು ಕೂತು ಸೂಜಿ ಎಳೆಯುವುದೇ ಕಷ್ಟವಾಗುತ್ತದೆ. ಅಂಟಿಸಿದ ಮೇಲೆ ರಿಂಗು ಹಾಕಿ, ರಿಂಗಿನಲ್ಲಿ ಬಿಗಿದ ಬಟ್ಟೆಗೆ ಅಂಟಿಸಬೇಡಿ. ಬಿಗಿ ಬಿಟ್ಟಾಗ ಬಟ್ಟೆ ಹಿಂದಕ್ಕೆ ಹೋಗುತ್ತದೆ, ಹಾಳೆ ಹೋಗುವುದಿಲ್ಲ, ಉಬ್ಬುತ್ತದೆ.

ಹೊಲಿಯುವಾಗ ಸೂಜಿಗೆ ಅಂಟು ಮೆತ್ತುವುದು ಇದರ ದೊಡ್ಡ ಕಿರಿಕಿರಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು ಹತ್ತಿಗೆ ತಾಕಿಸಿ, ಆಗಾಗ ಸೂಜಿ ಒರೆಸಿ ಒಣಗಿದ ಮೇಲೆ ಮುಂದುವರಿಸಿ. ನೀರಿನಲ್ಲಿ ಒರೆಸಿದರೆ ಒದ್ದೆ ಸೂಜಿ ಹಾಳೆಯನ್ನೇ ಕರಗಿಸುತ್ತಾ ಹೋಗುತ್ತದೆ. ಎರಡೆಳೆ ದಾರಕ್ಕೆ 7ನೇ ನಂಬರಿನ ಎಂಬ್ರಾಯ್ಡರಿ ಸೂಜಿ, ಮೂರೆಳೆಗೆ 5ನೇ ನಂಬರು ಹೊಂದುತ್ತದೆ. ಬೇಸಿಗೆಯಲ್ಲಿ ಬೆವರುವ ಕೈ ಹಾಳೆಯ ಮೇಲೆ ಊರಿದರೆ ಗೆರೆ ಕಲೆಸುತ್ತದೆ. ಕೈ ಊರುವ ಕಡೆ ಒಂದು ತುಂಡು ಬಟ್ಟೆ ಹಾಸಿಕೊಳ್ಳಿ.

ಹೊಲಿಗೆಗಳಲ್ಲಿ ಬ್ಯಾಕ್ ಸ್ಟಿಚ್, ಸ್ಟೆಮ್, ಚೈನ್, ಲೇಜಿ ಡೇಜಿ ಇದರ ಮೇಲೆ ಚೆನ್ನಾಗಿ ಬರುತ್ತವೆ. ಎಸಳನ್ನು ದಾರದಿಂದ ಪೂರ್ತಿ ತುಂಬುವ ಸ್ಯಾಟಿನ್ ಸ್ಟಿಚ್‌ನಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ದಾರ ಕೂತಿರುವುದು ಬಟ್ಟೆಯ ಮೇಲಲ್ಲ, ಹಾಳೆಯ ಮೇಲೆ. ಹಾಳೆ ಕರಗಿದಾಗ ಅದರ ದಪ್ಪದಷ್ಟು ಸಡಿಲ ದಾರಕ್ಕೆ ಬರುತ್ತದೆ. ಎಂಟು ಮಿ.ಮೀ. ಉದ್ದದ ಎಸಳು ತೊಳೆದ ಮೇಲೆ ಜೋಲುವುದು ಇದರಿಂದಲೇ. ಅಗಲವಾದ ಎಸಳನ್ನು ನಡುವೆ ಒಡೆದು ಎರಡು ಭಾಗ ಮಾಡಿ, ಇಲ್ಲವೇ ಉದ್ದ, ಗಿಡ್ಡ ಹೊಲಿಗೆ ಬೆರೆಸಿ ತುಂಬುವ ಲಾಂಗ್ ಅಂಡ್ ಶಾರ್ಟ್ ಹಾಕಿ. ದಾರವನ್ನು ಬಿಗಿಯಾಗಿ ಎಳೆದು ಇದನ್ನು ಸರಿಮಾಡಲು ಹೋಗಬೇಡಿ, ಬಟ್ಟೆ ಸುಕ್ಕಾಗುತ್ತದೆ.

ಆರಿ ಸೂಜಿಗೆ ಈ ಹಾಳೆ ಹೊಂದುವುದಿಲ್ಲ. ಆರಿಯ ಕೊಕ್ಕೆ ಕೆಳಗಿನಿಂದ ದಾರ ಎತ್ತುವಾಗ ಹಾಳೆಯ ಎಳೆಗಳನ್ನೂ ಕಿತ್ತು ತರುತ್ತದೆ, ಅವು ಚೈನಿನೊಳಗೆ ಸೇರಿಕೊಳ್ಳುತ್ತವೆ.

ಈಗ ನೀರಿನ ವಿಷಯ. ಈ ಹಾಳೆಯ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಮೊದಲು ಹೊಲಿಗೆಯ ಸುತ್ತ ಉಳಿದ ಹಾಳೆಯನ್ನು ಕತ್ತರಿಯಿಂದ ಆದಷ್ಟು ತೆಗೆದುಬಿಡಿ. ಕರಗಬೇಕಾದ ಸಾಮಾನು ಕಡಿಮೆಯಾದಷ್ಟೂ ಅಂಟುನೀರು ಕಡಿಮೆ. ತೊಳೆಯುವ ಮುಂಚೆ ಯಾವ ಕಾರಣಕ್ಕೂ ಇಸ್ತ್ರಿ ಮುಟ್ಟಿಸಬೇಡಿ. ಬಟ್ಟೆಯನ್ನು ನೇರ ಬಕೆಟ್ಟಿನಲ್ಲಿ ಮುಳುಗಿಸುವುದೂ ತಪ್ಪು. ಇಂಕು ಅದೇ ನೀರಿನಲ್ಲಿ ಉಳಿದು ಬಟ್ಟೆಗೇ ವಾಪಸ್ ಹತ್ತುತ್ತದೆ. ಹರಿಯುವ ನಲ್ಲಿಯ ಕೆಳಗೆ, ಬಟ್ಟೆಯನ್ನು ಇಳಿಜಾರಾಗಿ ಹಿಡಿದು ಇಂಕು ಪೂರ್ತಿ ಇಳಿಯುವ ತನಕ ಬಿಡಿ. ಆಮೇಲೆ ಅಗಲವಾದ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ 15 ನಿಮಿಷ ನೆನೆಸಿ. ಹಿಂಬದಿಯಿಂದ ಬೆರಳಲ್ಲಿ ಮೃದುವಾಗಿ ಸವರಿ, ನೀರು ಬದಲಿಸಿ, ಮತ್ತೆ ನೆನೆಸಿ. ಲೋಳೆಸರ ಮುಟ್ಟಿದ ಹಾಗೆ ಜಾರುವ ಗುಣ ಬೆರಳಿಗೆ ಸಿಗುತ್ತಿರುವ ತನಕ ಹಾಳೆ ಇನ್ನೂ ಒಳಗಿದೆ ಎಂದರ್ಥ. ಫ್ರೆಂಚ್ ನಾಟ್ ಅನ್ನುವ ಗಂಟು ಹೊಲಿಗೆ, ದಟ್ಟ ಸ್ಯಾಟಿನ್ ಇದ್ದ ಕಡೆ ಮೂರನೆಯ ನೀರೂ ಬೇಕಾಗುತ್ತದೆ. ಒಣಗಿದ ಮೇಲೆ ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗಿದ್ದರೆ ಗಾಬರಿ ಬೇಡ, ಮತ್ತೆ ನೆನೆಸಿದರೆ ಹೋಗುತ್ತದೆ.

ದಾರದ ಬಣ್ಣ ಬಿಡುತ್ತದೆಯೇ ಅಂತ ಹೊಲಿಯುವ ಮೊದಲೇ ನೋಡಿರಬೇಕು. ಕೆಂಪು, ಮೆರೂನ್, ಕಡುನೀಲಿ ದಾರದ ಒಂದು ಗೇಣು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಲ್ಲಿ ಮಡಿಸಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ದಾರವನ್ನು ಈ ಹಾಳೆಯ ಜೊತೆ ಬಳಸುವ ಹಾಗೇ ಇಲ್ಲ, ಯಾಕೆಂದರೆ ಇಲ್ಲಿ ನೆನೆಸುವುದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಮ್ಮ ಕಡೆಯ ನೀರಿನದ್ದೇ ಒಂದು ಸಮಸ್ಯೆ ಇದೆ. ತುಮಕೂರು ನಗರದೊಳಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಸಿಕ್ಕಿದರೆ ಚಿಂತೆಯಿಲ್ಲ. ಬೋರ್‌ವೆಲ್ ನೀರು ಗಡಸು. ಕಪ್ಪು ಬಟ್ಟೆಯನ್ನು ಅದರಲ್ಲಿ ತೊಳೆದು ಒಣಗಿಸಿದರೆ ಬೆಳ್ಳಗೆ ಪೊರೆ ಕೂರುತ್ತದೆ. ಹಾಳೆ ಕರಗಿಲ್ಲ ಅಂದುಕೊಂಡು ಜನ ಮತ್ತೆ ಅದೇ ಬೋರ್ ನೀರಿನಲ್ಲಿ ತೊಳೆಯುತ್ತಾರೆ, ಪೊರೆ ಇನ್ನೂ ಜಾಸ್ತಿಯಾಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಬಿಳಿ ಇರುವ ಕಡೆ ಒದ್ದೆ ಬೆರಳು ಒತ್ತಿ ಹಿಡಿಯಿರಿ. ಜಾರಿದರೆ, ಅಂಟಿದರೆ ಅದು ಹಾಳೆ, ಇನ್ನೊಮ್ಮೆ ನೆನೆಸಬೇಕು. ಒದ್ದೆಯಾದಾಗ ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಅದು ನೀರಿನ ಸುಣ್ಣ. ಅದಕ್ಕೆ ಒಂದು ಲೀಟರ್ ಫಿಲ್ಟರ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ ಅದ್ದಿ, ಮತ್ತೆ ಫಿಲ್ಟರ್ ನೀರಿನಲ್ಲೇ ಜಾಲಿಸಿದರೆ ಹೋಗುತ್ತದೆ. ಗಡಸು ನೀರನ್ನು ಮೆದು ಮಾಡಲು ಬಿಳಿಗಾರ (ಬೋರಾಕ್ಸ್) ಹಾಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಬಿಳಿಗಾರ ಈ ಪ್ಲಾಸ್ಟಿಕ್ಕನ್ನು ಕರಗಿಸುವ ಬದಲು ಹೆಪ್ಪುಗಟ್ಟಿಸುತ್ತದೆ, ಹೊಲಿಗೆಯೊಳಗೆ ಲೋಳೆ ಗಟ್ಟಿಯಾದರೆ ತೆಗೆಯುವುದು ಬಹಳ ಕಷ್ಟ.

ಜರಿ ಬ್ಲೌಸಿಗೆ ಯಾಕೆ ಬೇಡ ಅನ್ನುವುದು ಈಗ ತಾನಾಗಿಯೇ ಗೊತ್ತಾಗುತ್ತದೆ. ಇಷ್ಟು ಹೊತ್ತು ನೆನೆದರೆ ರೇಷ್ಮೆಯ ಮೇಲೆ ನೀರಿನ ಕಲೆ ನಿಲ್ಲುತ್ತದೆ, ಬಣ್ಣ ಬಿಡಬಹುದು, ಜರಿಯ ಹೊಳಪು ಇಳಿಯುತ್ತದೆ, ಗಮ್ಮಿನಲ್ಲಿ ಕೂರಿಸಿದ ಕುಂದನ್ ಕಳಚುತ್ತದೆ. ಇಂಥ ಕೆಲಸಕ್ಕೂ ಮನೆಯ ಪ್ರಿಂಟರ್ ಉಪಯೋಗಕ್ಕೆ ಬರುತ್ತದೆ, ದಾರಿ ಬೇರೆ. ಡಿಸೈನನ್ನು 90 ಜಿಎಸ್‌ಎಮ್ ಆಸುಪಾಸಿನ ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟ್ ಮಾಡಿ. ಅದಕ್ಕಿಂತ ತೆಳ್ಳಗಿನ ಬಟರ್ ಪೇಪರ್ ಪ್ರಿಂಟರಿನೊಳಗೆ ಮುದುಡುತ್ತದೆ. ಮಡಿಸಿದ ಕಂಬಳಿಯ ಮೇಲಿಟ್ಟು ಗೆರೆಯುದ್ದಕ್ಕೂ ಒಂದೂವರೆ ಮಿ.ಮೀ. ಅಂತರದಲ್ಲಿ ಸೂಜಿಯಿಂದ ತೂತು ಹಾಕಿ. ಉದ್ದ ಗೆರೆಗಳಿಗೆ ಹೊಲಿಗೆ ಮೆಶೀನನ್ನು ದಾರ ಪೋಣಿಸದೆ ಓಡಿಸಿದರೆ ಸಾಕು. ತೂತಿನ ಉಬ್ಬಿದ ಬದಿಯನ್ನು ಸಣ್ಣ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ತೂತು ತೆರೆದುಕೊಳ್ಳುತ್ತದೆ. ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲೆಸಿದ ಜಿಂಕ್ ಪೌಡರನ್ನು ಹತ್ತಿ ಉಂಡೆಯಿಂದ ಸವರಿದರೆ ಚುಕ್ಕೆ ಚುಕ್ಕೆ ಗೆರೆ ಬೀಳುತ್ತದೆ, ಎಣ್ಣೆ ಆವಿಯಾಗುತ್ತದೆ, ಪುಡಿ ಉಳಿಯುತ್ತದೆ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ತೋಳಿನ ಡಿಸೈನಿಗೆ ಅದೇ ಪೇಪರನ್ನು ಮಗುಚಿ ಹಾಕಿದರೆ ಇನ್ನೊಂದು ತೋಳು ಸಿದ್ಧ. ಮಗ್ಗದ ಕೆಲಸದವರು, ಅಂದರೆ ಚೌಕಟ್ಟಿಗೆ ಬಟ್ಟೆ ಬಿಗಿದು ಆರಿ ಕಸೂತಿ ಹಾಕುವವರು, ಹಿಂದಿನಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ರೇಷ್ಮೆಗೆ ಇದನ್ನು ಮೀರಿಸುವ ಹಾಳೆ ಇನ್ನೂ ಬಂದಿಲ್ಲ ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಜೆರಾಕ್ಸ್ ಪ್ರತಿಯನ್ನು ಇಸ್ತ್ರಿ ಮಾಡಿ ಡಿಸೈನ್ ಇಳಿಸುವುದನ್ನೂ ಕೆಲವರು ಕೇಳುತ್ತಾರೆ. ತಿಳಿ ಬಣ್ಣದ ದಪ್ಪ ಕಾಟನ್ನಿಗೆ ಆಗುತ್ತದೆ. ಟೋನರ್ ಪ್ಲಾಸ್ಟಿಕ್ಕಿನ ಪುಡಿಯಾದ್ದರಿಂದ ಮತ್ತೆ ಕಾಯಿಸಿದರೆ ಮೆತ್ತಗಾಗಿ ಬಟ್ಟೆಗೆ ಹತ್ತುತ್ತದೆ. ಇಂಕ್‌ಜೆಟ್ ಪ್ರಿಂಟ್ ಹೀಗೆ ಇಳಿಯುವುದಿಲ್ಲ. ಹೊಸ ಪ್ರತಿ ಬೇಕು, ಡಿಸೈನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರಬೇಕು, ಹಬೆಯಿಲ್ಲದ ಇಸ್ತ್ರಿಯನ್ನು ಮೂರು ಚುಕ್ಕೆಯ ಬಿಸಿಗೆ ಇಟ್ಟು ಜಾರಿಸದೆ 20–30 ಸೆಕೆಂಡು ಒತ್ತಬೇಕು. ಈ ಗೆರೆ ಒಗೆದರೂ ಪೂರ್ತಿ ಹೋಗುವುದಿಲ್ಲ, ಹೊಲಿಗೆಯೇ ಅದನ್ನು ಮುಚ್ಚಬೇಕು. ಆ ಬಿಸಿ ರೇಷ್ಮೆಗೂ ಪಾಲಿಯೆಸ್ಟರಿಗೂ ಆಗದು.

ಕರಗುವ ಹಾಳೆಗೆ ಒಂದು ವಿಶೇಷ ಉಪಯೋಗ ಇದೆ, ಅದನ್ನು ಹೇಳಲೇಬೇಕು. ಧಾರವಾಡದ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕುವುದು ರೂಢಿ, ಅದಕ್ಕೆ ಗೆರೆ ಎಳೆಯುವುದೇ ಇಲ್ಲ. ಎಳೆ ಎಣಿಸಲು ಬಾರದ ದಟ್ಟ ಪಾಪ್ಲಿನ್, ಟಿ-ಶರ್ಟ್ ಬಟ್ಟೆಯ ಮೇಲೆ ಈ ಹಾಳೆಯಲ್ಲಿ 2 ಮಿ.ಮೀ. ಚೌಕದ ಗ್ರಾಫ್ ಪ್ರಿಂಟ್ ಮಾಡಿ, ಬಟ್ಟೆಯ ನೇರ ಎಳೆಗೆ ಸರಿಯಾಗಿ ಅಂಟಿಸಿದರೆ ಗೋಪುರ, ತೇರು, ನವಿಲು ಅಳತೆ ತಪ್ಪದೆ ಬರುತ್ತವೆ. ಚೌಕದ ಮೂಲೆಯಲ್ಲೇ ಸೂಜಿ ಇಳಿಸಬೇಕು, ಅಷ್ಟೇ.

ತುಮಕೂರಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳುವಾಗ ಎಚ್ಚರ. ಬಕ್ರಮ್, ಫ್ಯೂಸಿಂಗ್ ಕ್ಯಾನ್ವಾಸ್, ಮೆಶೀನ್ ಎಂಬ್ರಾಯ್ಡರಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್, ಇವು ಮೂರೂ ಬೇರೆ ಸಾಮಾನು. ಆ ಪಾರದರ್ಶಕ ಹಾಳೆಯೂ ನೀರಲ್ಲಿ ಕರಗುತ್ತದೆ, ಆದರೆ ಅಂಟಿಲ್ಲ, ಪ್ರಿಂಟರಿಗೆ ಹೋಗದು. ಆನ್‌ಲೈನ್‌ನಲ್ಲಿ ತರಿಸುವಾಗ ‘ಪ್ರಿಂಟಬಲ್’, ‘ಸ್ಟಿಕ್’ ಮತ್ತು ‘ವಾಟರ್ ಸಾಲ್ಯುಬಲ್’ ಮೂರೂ ಮಾತು ಇರಬೇಕು. ಬೆಲೆಯನ್ನು ಪ್ಯಾಕೆಟ್ಟಿಗಲ್ಲ, ಹಾಳೆಗೆ ಲೆಕ್ಕ ಹಾಕಿ. ಬಂದ ತಕ್ಷಣ ಒಂದು ಮೂಲೆ ಕತ್ತರಿಸಿ ಲೋಟದ ನೀರಿನಲ್ಲಿ ಹಾಕಿ ನೋಡಿ. ಬಟ್ಟೆ ಪದರ ಕರಗದೆ ಚೂರು ಚೂರಾಗಿ ತೇಲುತ್ತಿದ್ದರೆ ವಾಪಸ್ ಕಳಿಸಿ. ಉಳಿದ ಹಾಳೆಗಳನ್ನು ಜಿಪ್ ಕವರಿನಲ್ಲಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಮಲಗಿಸಿ ಇಡಿ. ತೇವ ಎಳೆದುಕೊಂಡ ಹಾಳೆ ಸುರುಳಿಯಾಗುತ್ತದೆ, ಪ್ರಿಂಟ್ ಹರಡುತ್ತದೆ. ಬಟ್ಟೆಗೆ ಅಂಟಿಸಿದ ಹಾಳೆಯನ್ನು ತಿಂಗಳುಗಟ್ಟಲೆ ಬಿಡಬೇಡಿ, ಅಂಟು ಹಳತಾದಷ್ಟೂ ಗಟ್ಟಿಯಾಗಿ ಬಿಡಿಸುವುದು ತಡವಾಗುತ್ತದೆ. ಒಂದು ವಾರದಲ್ಲಿ ಮುಗಿಸುವಷ್ಟನ್ನು ಮಾತ್ರ ಅಂಟಿಸಿ.